ಅಳುವವರ ಪಟ್ಟಿ

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಸುಗುಣಾ ಟೀಚರ್ ಹೆಸರು, ಊರು ಹೇಳಿದೆ. ಒಳಗಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ವಯಸ್ಸೆಷ್ಟ್ರಿ?" ಎಂದಳು. ಸಾಲಿನಲ್ಲಿ ಹಿಂದಿದ್ದವರು ಗೊಣಗಿದರು. ನಾನು ಗೊಣಗಲಿಲ್ಲ, ಆ ಪ್ರಶ್ನೆಯನ್ನು ಅಲ್ಲಿ ಸೇರಿಸಿದವನು ನಾನೇ. ಸೇರಿಸುವ ಮೊದಲು ಎಷ್ಟು ಸಿಟ್ಟು ಮಾಡಿದ್ದೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಗೋಕುಲ ರಸ್ತೆಯ ನಮ್ಮ ಸಣ್ಣ ಕಚೇರಿಯಲ್ಲಿ ಈ ಆಸ್ಪತ್ರೆಗೆಂದು ಔಷಧಿ ಚೀಟಿಯ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಧಾರವಾಡದ ಶಾಲೆಯೊಂದರಿಂದ ನಿವೃತ್ತರಾಗಿದ್ದ ಟೀಚರ್, ಅವರ ಹಳೆಯ ವಿದ್ಯಾರ್ಥಿಯಾದ ನಮ್ಮ ಮಾಲೀಕರ ಒತ್ತಾಯಕ್ಕೆ ತಪ್ಪು ಹುಡುಕುವ ಕೆಲಸಕ್ಕೆ ಬಂದರು. ತಪ್ಪು ಹುಡುಕುವವರು ಎಲ್ಲ ಮುಗಿದ ಮೇಲೆ ಬರಬೇಕೆಂಬುದು ನನ್ನ ನಂಬಿಕೆ. ಇವರೋ, ಒಂದು ಸಾಲು ಕೋಡ್ ಬರೆಯುವ ಮೊದಲೇ ಕೆಂಪು ಪೆನ್ಸಿಲ್ ಹಿಡಿದು ಕೂತರು. ಸಾಫ್ಟ್‌ವೇರ್ ಮಾಡಬೇಕಾದ ಪ್ರತಿಯೊಂದು ಕೆಲಸಕ್ಕೂ ಒಂದೇ ಪ್ರಶ್ನೆ: "ಇದು ತಪ್ಪಿದ್ರ ಯಾರು ಅಳ್ತಾರ್ರಿ?" ಉತ್ತರವನ್ನು ಪಕ್ಕದಲ್ಲಿ ಬರೆದುಕೊಳ್ಳುವರು. ದೊಡ್ಡ ಕಂಪನಿಗಳಲ್ಲಿ ಅಪಾಯಗಳ ಇಂಥ ದಾಖಲೆಗೆ ರಿಸ್ಕ್ ರಿಜಿಸ್ಟರ್ ಎನ್ನುತ್ತಾರೆ. ನಮ್ಮಲ್ಲಿ ಅದು ಅಳುವವರ ಪಟ್ಟಿ. ಗಡುವು ತಪ್ಪಿದರೆ ನಾನೇ ಅಳುತ್ತೇನೆ ಎಂದು ಚೇಷ್ಟೆ ಮಾಡಿದೆ. ಅವರು ನಗದೆ ನನ್ನ ಹೆಸರನ್ನೂ ಬರೆದುಕೊಂಡರು.

ಆಸ್ಪತ್ರೆಗೆ ಒಪ್ಪಿಸುವ ಹಿಂದಿನ ದಿನ ಟೀಚರ್ ಪರೀಕ್ಷೆಗೆಂದು ಒಂದೇ ಮನೆಯ ಇಬ್ಬರು ಬಸವ್ವರನ್ನು ದಾಖಲಿಸಿ ನೋಡಿದರು: ಅಜ್ಜಿ ಮತ್ತು ಮೊಮ್ಮಗಳು. ಹೆಸರು, ಊರಷ್ಟೇ ಕೇಳುತ್ತಿದ್ದುದರಿಂದ ಅಜ್ಜಿಯ ಸಕ್ಕರೆ ಕಾಯಿಲೆಯ ಗುಳಿಗೆ ಆರು ವರ್ಷದ ಮೊಮ್ಮಗಳ ಚೀಟಿಯಲ್ಲಿ ಬಂತು. ನಾಳೆ ಕೊಡುವಂತಿಲ್ಲ ಎಂದರು. ಹೆಸರೂ ಊರೂ ಒಂದೇ ಇರುವವರು ಎಲ್ಲಿ ಸಿಗುತ್ತಾರೆ ಎಂದು ನಾನು ರೇಗಿದೆ.

ಟೀಚರ್ ಪೆನ್ಸಿಲ್ ಕೆಳಗಿಟ್ಟರು. "ತಮ್ಮಾ, ನಿನಗ ಯಾರ ಹೆಸರು ಇಟ್ಟಾರಪಾ?"

ನಮ್ಮ ಅಜ್ಜನದು. ಅಜ್ಜನಿಗೆ ಬಂದ ಕಾಗದವನ್ನು ಅಂಚೆಯವನು ಎಷ್ಟೋ ಸಲ ನನ್ನ ಕೈಗೆ ಕೊಟ್ಟಿದ್ದಾನೆ. ಹಿರಿಯರ ಹೆಸರನ್ನು ಕೂಸಿಗೆ ಇಡುವ ನಾಡಿನಲ್ಲಿ ಹುಟ್ಟಿ, ನನ್ನ ಹೆಸರನ್ನೇ ನಾನು ಮರೆತಿದ್ದೆ. ಬಹಳ ನಾಚಿಕೆಯಾಯಿತು. ವಯಸ್ಸಿನ ಪ್ರಶ್ನೆ ಸೇರಿಸಿ, ಎಂಟು ದಿನ ತಡವಾಗಿ ಒಪ್ಪಿಸಿದೆವು.

ಇವತ್ತು ನಾನು ಎಪ್ಪತ್ತೆಂಟು ಎಂದೆ. ಅದೇ ಊರಿನ ಇನ್ನೊಬ್ಬ ಸುಗುಣಾ ಇದ್ದಾರೆ, ಅವರಿಗೆ ಮೂವತ್ತು ಎಂದು ಹುಡುಗಿ ಹೇಳಿ, ಮತ್ತೊಮ್ಮೆ ನೋಡಿ ಟೀಚರ್ ಹೃದಯದ ಗುಳಿಗೆಗಳನ್ನು ಕೊಟ್ಟಳು. ಮನೆಗೆ ಒಯ್ದು ಕೊಟ್ಟು, ಕಿಟಕಿಯಲ್ಲಿ ನಡೆದದ್ದನ್ನು ಹೇಳಿದೆ. ಟೀಚರ್ ಕನ್ನಡಕ ಹಾಕಿಕೊಂಡು ಚೀಟಿಯನ್ನು ಅಕ್ಷರ ಬಿಡದೆ ಓದಿದರು. ಆಮೇಲೆ ನನ್ನತ್ತ ನೋಡಿ ಹಳೆಯ ಪ್ರಶ್ನೆ ಕೇಳಿದರು.

"ತಪ್ಪಿದ್ರ ಯಾರು ಅಳ್ತಿದ್ರಪಾ?"

ಪಟ್ಟಿಯಲ್ಲಿ ನನ್ನ ಹೆಸರನ್ನು ಅವರೇ ಬರೆದಿದ್ದರಲ್ಲ.