ಕಾಟಮ್ಮನ ಅಂಗೈ ಮತ್ತು ನರ್ಸ್ ದುರ್ಗಾ

ಮಾರಿಕಣಿವೆ ಕಡೆಯ ಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನರ್ಸ್ ದುರ್ಗಾ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ, ಐಸ್ ಡಬ್ಬಿ ಹಿಡಿದು ಒಳಗೆ ಬರುತ್ತಾರೆ. ಜಗಲಿಯಲ್ಲಿ ಕೂತ ಸಣ್ಣತಿಮ್ಮಪ್ಪ ಎಂದಿನಂತೆ ಕಾಲೆಳೆಯುತ್ತಾರೆ: "ರಕ್ತ ಎಲ್ಲಾ ನೀನೇ ತಗಂಡು ಹೋದ್ರೆ ಸೊಳ್ಳೆ ಏನ್ ಮಾಡ್ಬೇಕವ್ವ?"

ಅವರ ಹೆಂಡತಿ ಕಾಟಮ್ಮ ನಗುವುದಿಲ್ಲ. ತೋಳು ಚಾಚುತ್ತಾರೆ, ಅಷ್ಟೇ. ಹೋದ ತಿಂಗಳಿಂದ ದುರ್ಗಾ ಜೊತೆ ಮಾತಿಲ್ಲ.

ಬೀಡಿ ಮುಟ್ಟದ ಕಾಟಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿದೆ. ಗೆಡ್ಡೆಯ ಜೀನ್ ಒಂದು ಬದಲಾಗಿದೆ. ಅದಕ್ಕೇ ಗುರಿಯಿಟ್ಟ ಹೊಸ ಗುಳಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೊದಲ ಹಂತದ ಪರೀಕ್ಷೆಯಲ್ಲಿದೆ. ಎಷ್ಟು ಕೊಟ್ಟರೆ ಮನುಷ್ಯನ ಮೈ ತಡೆದೀತು ಎಂಬುದು ಜಗತ್ತಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಕೆಲವೇ ರೋಗಿಗಳ ಮೈ ಅದಕ್ಕೆ ಉತ್ತರ ಹೇಳಬೇಕು. ಅವರಲ್ಲೊಬ್ಬರು ಈ ಹೆಂಚಿನ ಮನೆಯಲ್ಲಿದ್ದಾರೆ.

ಗುಳಿಗೆಗೆ ಮುಂಚೆ ರಕ್ತ ತೆಗೆಯುವುದು, ಮೈಯಲ್ಲಾದ ತೊಂದರೆಯನ್ನು ವೈದ್ಯರಿಗೆ ತಿಳಿಸುವುದು ಹಿರಿಯೂರಿನ ದುರ್ಗಾ ಕೆಲಸ. ತೊಡಕಿರುವುದು ಎರಡನೆಯದರಲ್ಲಿ.

"ನಮ್ ಕಡೆ ಜ್ವರ ಸುಡ್ತಿದ್ರೂ 'ಆರಾಮ್ ಇದೀನ್ರಿ' ಅಂತಾರೆ. ಕೇಳಿದೋರಿಗೆ ಬ್ಯಾಸರ ಆಗ್ಬಾರ್ದಲ್ಲ!" ಎನ್ನುತ್ತಾರೆ ದುರ್ಗಾ.

ಹಾಗಾಗಿ ಅವರು ಕೇಳುವುದಿಲ್ಲ, ನೋಡುತ್ತಾರೆ. ಗುಳಿಗೆ ನುಂಗಿ ಒಂದು ತಾಸು ಕಾಟಮ್ಮ ಏನೂ ತಿನ್ನುವಂತಿಲ್ಲ. ಬಂದವರನ್ನು ಉಣ್ಣಿಸದೆ ಕಳಿಸಲು ಈ ಮನೆಯವರು ಒಪ್ಪುವುದಿಲ್ಲ. ದುರ್ಗಾ ತಾವೂ ಖಾಲಿ ಹೊಟ್ಟೆಯಲ್ಲಿ ಬಂದು, ಒಲೆ ಪಕ್ಕ ಕೂತು ಕಾಯುತ್ತಾರೆ.

ಹಾಗೆ ಕಾಯುತ್ತಿದ್ದಾಗಲೇ ಹೋದ ತಿಂಗಳು ಕಂಡಿದ್ದು: ಬಿಸಿ ಮುದ್ದೆ ಕಟ್ಟುತ್ತಿದ್ದವಳು ಸೊಸೆ. ಆ ಕೆಲಸವನ್ನು ಕಾಟಮ್ಮ ಯಾರಿಗೂ ಬಿಟ್ಟುಕೊಟ್ಟವರಲ್ಲ.

"ಕೈ ತೋರಿಸ್ರಿ ಅವ್ವ."

ಸೆರಗಿನೊಳಗಿಂದ ಬಂದ ಅಂಗೈ ಕೆಂಪಗೆ ಸುಲಿದು ಬಿರಿದಿತ್ತು. ಗುಳಿಗೆಯ ಕಾವು, ಅದರ ಅಡ್ಡಪರಿಣಾಮ. "ಹೇಳ್ಬ್ಯಾಡ ಕಣೆ. ನಿಲ್ಲಿಸ್ಬಿಡ್ತಾರೆ. ಈಗೀಗ ಮಲಗಿದ್ರೆ ಉಸಿರು ಸಿಗ್ತೈತೆ ನಂಗೆ," ಎಂದು ಕಾಟಮ್ಮ ದುರ್ಗಾ ಕೈ ಹಿಡಿದುಕೊಂಡಿದ್ದರು.

"ನೀವು ಮುಚ್ಚಿಟ್ರೆ ನಿಮ್ ಹಿಂದೆ ಬರೋರ ಕೈನೂ ಹಿಂಗೇ ಸುಡ್ತೈತಲ್ಲವ್ವ," ಎಂದ ದುರ್ಗಾ, ಅಂಗಳದಿಂದಲೇ ವೈದ್ಯರಿಗೆ ಫೋನ್ ಮಾಡಿದರು. ಗುಳಿಗೆ ನಿಂತಿತು. "ಆವತ್ತು ನಂಗೂ ನಿದ್ದೆ ಬರ್ಲಿಲ್ಲ. ಅವ್ರ ಉಸಿರನ್ನೇ ಕಿತ್ಕಂಡು ಬಂದಂಗಾಗಿತ್ತು," ಎನ್ನುತ್ತಾರೆ ದುರ್ಗಾ.

ಕೈ ಮಾಗಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುವಾಗಿದೆ. ಕಾಟಮ್ಮನ ಉಸಿರಿಗೆ ಅಷ್ಟು ಸಾಕೋ ಇಲ್ಲವೋ, ಮುಂದಿನ ಸ್ಕ್ಯಾನ್ ಹೇಳಬೇಕು.

ಇವತ್ತಿನ ತಾಸು ಮುಗಿಯುತ್ತದೆ. ಕಾಟಮ್ಮ ಕೈ ಒದ್ದೆ ಮಾಡಿಕೊಂಡು ತಾವೇ ಮುದ್ದೆ ಕಟ್ಟಿ, ಮೊದಲನೆಯದನ್ನು ದುರ್ಗಾ ತಟ್ಟೆಗಿಡುತ್ತಾರೆ. ಆಮೇಲೆ, ಯಾರೂ ಕೇಳದೆಯೇ, ಬಲಗಾಲು ಮುಂದೆ ಚಾಚುತ್ತಾರೆ.

"ಅಂಗಾಲು ಉರೀತೈತೆ ಕಣೆ, ನಿನ್ನೆಯಿಂದ. ಬರ್ಕ. ಹಿಂದೆ ಬರೋರಿಗೆ ಬೇಕಲ್ಲ."

ದುರ್ಗಾ ತುತ್ತು ಕೆಳಗಿಟ್ಟು ಆ ಪಾದವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಹೊರಡುವಾಗ ಸ್ಕೂಟರ್ ಪಕ್ಕ ನಿಂತು ಹೇಳುತ್ತಾರೆ: "ಇಷ್ಟ್ ವರ್ಷಕ್ಕೆ ಒಬ್ರಾದ್ರೂ ನನ್ನೆದ್ರಿಗೆ ಆರಾಮಿಲ್ಲ ಅಂದ್ರು ನೋಡ್ರಿ."