ನಮ್ಮೂರ ಸಮುದ್ರದ ಟೊಪಗಿ ಈಸು

ಮೊನ್ನೆ ಆಗಸ್ಟ್ ಹದಿನೈದರ ಮುಂಜಾನೆ ಹುಬ್ಬಳ್ಳಿಯ ಈಜುಕೊಳದ ಬಾಗಿಲಲ್ಲಿ ಕೂತವನು ನನ್ನ ಕೈಗೊಂದು ರಬ್ಬರ್ ಟೊಪ್ಪಿಗೆ ಕೊಟ್ಟು, “ಹಾಕ್ಕೊಂಡ ಇಳೀರಿ ಅಜ್ಜಾರ, ಕೂದಲ ನೀರಾಗ ಉದುರಬಾರದು” ಅಂದ. ನನ್ನ ತಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಅವನಿಗೆ ಆ ಚಿಂತೆಯೇ ಇರುತ್ತಿರಲಿಲ್ಲ. ಮೊಣಕಾಲು ನೋವಿಗೆ ಈಜುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಕ್ಕೆ ಬಂದಿದ್ದೆನೇ ಹೊರತು ವಾದ ಮಾಡಲಿಕ್ಕೆ ಬಂದಿರಲಿಲ್ಲ. ಸೈಕಲ್ ಟ್ಯೂಬಿನ ವಾಸನೆ ಹೊಡೆಯುತ್ತಿದ್ದ ಅದನ್ನು ಹರಸಾಹಸ ಮಾಡಿ ತಲೆಗೇರಿಸಿದೆ. ಗೋಡೆಯ ಕನ್ನಡಿಯಲ್ಲಿ ಬೂಚು ಹಾಕಿದ ಔಷಧದ ಸೀಸೆಯೊಂದು ನನ್ನನ್ನೇ ನೋಡುತ್ತಿತ್ತು. ನನಗೆ ಎಂಥ ನಗು ಬಂತೆಂದರೆ, ಪಕ್ಕದಲ್ಲಿ ಮೈ ಒರೆಸಿಕೊಳ್ಳುತ್ತಿದ್ದವರು ಸ್ವಲ್ಪ ದೂರ ಸರಿದರು. ಅವರಿಗೇನು ಗೊತ್ತು? ಐವತ್ತು ವರ್ಷದ ಹಿಂದೆ ನಮ್ಮೂರಲ್ಲೂ ಆಗಸ್ಟ್ ಹದಿನೈದರಂದು ಟೊಪ್ಪಿಗೆ ಇಲ್ಲದೆ ಯಾರೂ ನೀರಿಗಿಳಿಯುವಂತಿರಲಿಲ್ಲ. ಆದರೆ ಅಲ್ಲಿ ಕೂದಲು ಎಷ್ಟಾದರೂ ಉದುರಲಿ, ಟೊಪ್ಪಿಗೆ ಮಾತ್ರ ತೋಯಬಾರದು.

ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದಿಂದ ನಡೆದು ಹೋಗುವಷ್ಟು ದೂರ. ಎರೆ ಭೂಮಿ. ಮಳೆ ಬಂತೆಂದರೆ ಚಪ್ಪಲಿ ಕೈಯಲ್ಲಿ, ಮಣ್ಣು ಕಾಲಲ್ಲಿ. ಕುಡಿಯಲು ಕೆರೆ ಇತ್ತು. ಅದಕ್ಕೆ ಕಾಲು ತಾಗಿಸಿದವನನ್ನು ಇಡೀ ಊರು ಸೇರಿ ಬೈಯುತ್ತಿತ್ತು. ಹೀಗಾಗಿ ಈಸುವವರಿಗೆ ಉಳಿದದ್ದು ಊರ ಹೊರಗಿನ ದೊಡ್ಡ ಬಾವಿ. ನಾಲ್ಕು ಮೂಲೆಯ, ಕಲ್ಲು ಕಟ್ಟಿದ, ಮೆಟ್ಟಿಲಿಳಿದು ಹೋಗುವಂಥ ಬಾವಿ. ನೀರು ಮಾತ್ರ ಸವುಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ನಮ್ಮೂರ ದರ್ಜಿ ಮಾಬುಸಾಬ ಒಮ್ಮೆ ಮುಂಬಯಿ ನೋಡಿ ಬಂದವನು, “ಸಮುದ್ರದ ನೀರೂ ಅಗದಿ ಹಿಂಗಽ ಇರ್ತಾವ್ರಿ, ನಾ ಬಾಯಾಗ ಹಾಕ್ಕೊಂಡ ನೋಡೇನಿ” ಎಂದು ಸಾಕ್ಷಿ ನುಡಿದ. ನಮ್ಮಲ್ಲಿ ಬೇರೆ ಯಾರೂ ಸಮುದ್ರ ಕಂಡವರಲ್ಲ. “ಹಂಗಾರ ಇದಽ ನಮ್ಮ ಸಮುದ್ರ ಬಿಡ್ರೆಪಾ, ಮುಂಬಯಿಗೆ ಹೋಗೂ ತ್ರಾಸ ತಪ್ಪಿತು” ಎಂದು ಚನ್ನಪ್ಪ ಕಾಕಾ ತೀರ್ಪು ಕೊಟ್ಟ. ಅಂದಿನಿಂದ ಬಾವಿಗೆ ಅದೇ ಹೆಸರು. ನಸುಕಿನಲ್ಲಿ ಓಣಿಯ ತುಂಬ “ಸಮುದ್ರಕ್ಕ ಹೋಗೂಣು ಬರ್ರ್ಯೋ” ಎಂಬ ಕೂಗು ಕೇಳಿ, ಊರಿಗೆ ಹೊಸದಾಗಿ ಬಂದ ಅಳಿಯಂದಿರು ಗಡಬಡಿಸಿ ಎದ್ದು ಕೂರುತ್ತಿದ್ದರು.

ಚನ್ನಪ್ಪ ಕಾಕಾ ಯಾರಿಗೆ ಕಾಕಾ ಎಂದು ಕೇಳಬೇಡಿ, ಊರಿಗೇ ಕಾಕಾ. ಅವನ ವಾರಗೆಯವರೂ ಕಾಕಾ ಎನ್ನುತ್ತಿದ್ದರು. ದೊಡ್ಡ ಹೊಟ್ಟೆ, ದೊಡ್ಡ ದನಿ, ಬೋಳು ತಲೆ. ಶಾಲೆಯ ಕಮಿಟಿಗೆ ಚೇರಮನ್, ನಮ್ಮ ಈಸು ಮಂಡಳಿಗೆ ಸ್ಥಾಪಕ. ಮಂಡಳಿ ಎಂದರೆ ಏನು, ಏಳೆಂಟು ಜನ ಒಕ್ಕಲುತನದವರು, ಮಾಬುಸಾಬ, ಮತ್ತು ಆಗಷ್ಟೇ ಕಾಲೇಜು ಮುಗಿಸಿ ನೌಕರಿಯಿಲ್ಲದೆ ಮನೆಯಲ್ಲಿ ಕೂತಿದ್ದ ನಾನು. ನನ್ನ ಈಸಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ನಾನು ಕೈ ಬಡಿದಷ್ಟೂ ನೀರು ಮುಂದೆ ಹೋಗುತ್ತಿತ್ತು, ನಾನು ಇದ್ದಲ್ಲೇ ಇರುತ್ತಿದ್ದೆ.

ಈಸಿ ಬಂದ ಮೇಲೆ ಕಾಕಾ ಬಾವಿಯ ಮೆಟ್ಟಿಲ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದ. ಆಮೇಲೆ ಬುತ್ತಿ ಬಿಚ್ಚುತ್ತಿದ್ದ. ಕಾಕಾ ಉಣ್ಣುವುದನ್ನು ನೋಡಲೆಂದೇ ಕೆಲವರು ಮಂಡಳಿ ಸೇರಿದ್ದರು ಎಂದರೆ ನಂಬಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು; ಅವನ ಬಾಯಿಗೆ ಹೋಗುವಾಗ ಅವೆಲ್ಲ ಬೇರೆಯೇ ರುಚಿಯವು ಅನಿಸುತ್ತಿತ್ತು. ಬುತ್ತಿ ತರುವವಳು ಅವನ ಹೆಂಡತಿ ನೀಲವ್ವ ಕಾಕಿ. ಬೇವಿನ ಮರದ ಕೆಳಗೆ ಗಂಟಿಟ್ಟು, ಲಂಗೋಟಿಯವರ ಕಡೆ ನೋಡದೆ ಹೊರಟುಬಿಡುತ್ತಿದ್ದಳು. ಗಂಡ ಉಂಡನೆಂದು ಗೊತ್ತಾದ ಮೇಲೇ ಅವಳ ಊಟ. ನಮಗೆ ಕಾಕಿಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ನಸುಕಿನಲ್ಲಿ ಅವರ ಮನೆಯ ಮುಂದೆ ಹಾಯುವಾಗ ಕೇಳುವ ರೊಟ್ಟಿ ಬಡಿಯುವ ಸಪ್ಪಳ, ಮತ್ತು ದೂರ ಹೋಗುತ್ತಿರುವ ಒಂದು ಸೆರಗು.

ಇನ್ನು ಟೊಪಗಿ ಈಸಿನ ವಿಷಯ. ಟೊಪ್ಪಿಗೆಗೆ ನಮ್ಮ ಕಡೆ ಟೊಪಗಿ ಅನ್ನುತ್ತಾರೆ. ಆಗಸ್ಟ್ ಹದಿನೈದರಂದು ಬಾವಿಯಿಂದ ಎದ್ದವರು ನೇರ ಶಾಲೆಗೆ, ಧ್ವಜ ಏರಿಸಲು ಹೋಗಬೇಕು. ಗಂಜಿ ಹಾಕಿ ಇಸ್ತ್ರಿ ಮಾಡಿದ ಗಾಂಧಿ ಟೊಪಗಿಯನ್ನು ದಂಡೆಯ ಮೇಲೆ ಇಟ್ಟು ಈಸಿದ ಒಂದು ವರ್ಷ, ಯಾರದೋ ಮೇಕೆ ಎರಡು ಟೊಪಗಿ ತಿಂದುಹಾಕಿತು. ಮರುವರ್ಷ ಎಲ್ಲರೂ ತಲೆಯ ಮೇಲೇ ಇಟ್ಟುಕೊಂಡು ನೀರಿಗಿಳಿದರು. ಅದೇ ಸಂಪ್ರದಾಯವಾಯಿತು. ಕುತ್ತಿಗೆ ಎತ್ತಿ ಬಾವಿಯೊಳಗೆ ಮೂರು ಸುತ್ತು ಈಸಬೇಕು. ಸುತ್ತಿಗೊಮ್ಮೆ ಕಾಕಾ “ಭಾರತ ಮಾತಾ ಕೀ” ಎಂದು ಕೂಗಿದರೆ ಉಳಿದವರು ಒಂದು ಕೈ ಎತ್ತಿ “ಜೈ” ಅನ್ನಬೇಕು. ಯಾರ ಟೊಪಗಿ ತೋಯುತ್ತದೋ ಅವನು ಮಕ್ಕಳಿಗೆ ಹಂಚುವ ಲಾಡಿನ ಬುಟ್ಟಿ ಹೊತ್ತು ಶಾಲೆಯತನಕ ನಡೆಯಬೇಕು. ಬುಟ್ಟಿ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತಿತ್ತು.

ನಾನು ಹೇಳುವ ವರ್ಷ ಕಾಕಾನಿಗೊಂದು ತೊಡಕಿತ್ತು. ನಮ್ಮ ಕಡೆ ಲಿಂಗವಂತರಿಗೆ ಕೊರಳ ಲಿಂಗವೆಂದರೆ ಜೀವ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕಟ್ಟಿಕೊಂಡದ್ದು ಸಾಯುವತನಕ ಮೈಬಿಟ್ಟು ಇರುವಂತಿಲ್ಲ. ಕಳೆದುಹೋದರೆ ಮತ್ತೆ ಸಿಗುವತನಕ ಅನ್ನ ನೀರು ಮುಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು. ಬಹಳ ಜನ ಅದನ್ನು ಕೇಳಿ ಸುಮ್ಮನಿರುತ್ತಿದ್ದರು, ಕಾಕಾ ನಂಬಿದ್ದ. ಅವನ ಶಿವದಾರ ಸವೆದು ನೂಲಿನಷ್ಟಾಗಿತ್ತು, ಹೊಸದು ತರಲು ಸಂತೆ ಬರಬೇಕಿತ್ತು. ಈಸುವಾಗ ಹರಿದರೆ? ಬಾವಿಯ ದಂಡೆಯ ಮೇಲೆ ನಿಂತು ಕಾಕಾ ಬಹಳ ವಿಚಾರ ಮಾಡಿದ. ಕಡೆಗೆ ಕರಡಿಗೆಯನ್ನು ಬೋಳು ತಲೆಯ ಮೇಲಿಟ್ಟು, ಅದರ ಮೇಲೆ ಟೊಪಗಿ ಬಿಗಿಯಾಗಿ ಎಳೆದುಕೊಂಡ.

“ಮೈಮ್ಯಾಲ ತಲಿಗಿಂತ ಭದ್ರ ಜಾಗಾ ಯಾವುದೈತ್ರೆಪಾ? ಟೊಪಗಿ ಅಂತೂ ಇವತ್ತ ಬೀಳಂಗಿಲ್ಲ.”

“ನಾನಽ ಹೊಲದದ್ದು ಕಾಕಾ, ಅಗದಿ ಬಿಗಿ ಐತಿ” ಎಂದ ಮಾಬುಸಾಬ. ನಮಗೆಲ್ಲ ಇದು ಬಹಳ ಶಾಣೇತನದ ವಿಚಾರ ಅನಿಸಿತು.

ಎರಡು ಸುತ್ತು ಸರಾಗವಾಗಿ ನಡೆಯಿತು. ಮೂರನೆಯ ಸುತ್ತಿನಲ್ಲಿ ಕಾಕಾನಿಗೆ ದೇಶಭಕ್ತಿ ಉಕ್ಕಿ ಬಂತು. ತಾನೇ ಕೂಗಿ, ತಾನೇ “ಜೈ” ಎಂದು ಎರಡೂ ಕೈ ಎತ್ತಿಬಿಟ್ಟ. ಎರಡೂ ಕೈ ಎತ್ತಿದವನನ್ನು ನೀರು ಹಿಡಿದುಕೊಳ್ಳುವುದಿಲ್ಲ. ಕಾಕಾ ಟೊಪಗಿ ಸಮೇತ ಮುಳುಗಿ, ಟೊಪಗಿ ಇಲ್ಲದೆ ಮೇಲೆ ಬಂದ. “ಕಾಕಾ ಬಾದ್! ಬುಟ್ಟಿ ಕಾಕಾಗ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ, ಏಕೆಂದರೆ ಎಲ್ಲರಿಗಿಂತ ಸಂತೋಷ ನನಗಾಗಿತ್ತು. ಆಮೇಲೆ ಅವನ ಕೈ ಬೋಳು ತಲೆಯನ್ನು ತಡಕಾಡುತ್ತಿರುವುದು ಕಂಡಿತು.

ಅಲ್ಲಿಂದ ಮುಂದೆ ನಾವು ಮಾಡಿದ ಪರಾಕ್ರಮ ಕೇಳಿ. ಒಬ್ಬನಾದ ಮೇಲೆ ಒಬ್ಬ ಬಾವಿಯ ನಟ್ಟನಡುವೆ ಮುಳುಗಿದೆವು. ಮಳೆಗಾಲದ ತುಂಬಿದ ಬಾವಿ, ಕೆಳಗೆ ಹೋದಂತೆ ಕತ್ತಲೆ. ನಾನು ಒಮ್ಮೆ ತಳ ಮುಟ್ಟಿದೆ ಎಂದುಕೊಂಡು ಒಂದು ಮುಷ್ಟಿ ರಾಡಿ ಹಿಡಿದು ಮೇಲೆ ಬಂದೆ. ಎಲ್ಲರೂ ಆಸೆಯಿಂದ ಸುತ್ತುವರಿದರು. ಮುಷ್ಟಿ ಬಿಚ್ಚಿದರೆ ಒಂದು ಕಪ್ಪೆ ನನ್ನ ಮುಖಕ್ಕೇ ಹಾರಿತು. ಮಾಬುಸಾಬ ಓಡಿಹೋಗಿ, ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಪಾತಾಳಗರಡಿ ತಂದ. ಅದನ್ನು ನೋಡಿ ಕಾಕಾ ಅಳುದನಿಯಲ್ಲೇ ಹರಿಹಾಯ್ದ: “ಲೇ ಮಾಬ್ಯಾ, ಲಿಂಗಕ್ಕ ಕೊಕ್ಕಿ ಹಾಕಿ ಎಳೀತಿಯೇನಲೇ!” ಇಂಜಿನ್ನು ಹಚ್ಚಿ ಬಾವಿ ಬರಿದು ಮಾಡೋಣವೆಂದರೆ ಊರಿಗಿದ್ದ ಒಂದೇ ಇಂಜಿನ್ನು ಕೆಟ್ಟು ಕೂತಿತ್ತು.

ಕಾಕಾ ಎದೆಮಟ್ಟದ ನೀರಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದ. ಕೈ ಬರಿಗೊರಳ ಮೇಲಿತ್ತು. “ಸಿಗೂತನಾ ನಾ ಮ್ಯಾಲ ಬರಂಗಿಲ್ಲ. ಒಂದ ಹನಿ ನೀರ ಕುಡ್ಯಂಗಿಲ್ಲ. ಸಿಗದಿದ್ರ ಇಲ್ಲೇ ಮುಗೀತು ನಂದು” ಎಂದ. ಬೇರೆ ಯಾರಾದರೂ ಅಂದಿದ್ದರೆ ನಾವು ಸಮಾಧಾನ ಹೇಳುತ್ತಿದ್ದೆವು. ಕಾಕಾ ಹಟಮಾರಿ, ಅಂದದ್ದನ್ನು ಮಾಡುವವನು. ದಿನಾ ನಗುತ್ತಿದ್ದ ಆ ಮುಖ ಬಿಳಿಚಿಕೊಂಡದ್ದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಷ್ಟರಲ್ಲಿ ಹೆಡ್ ಮಾಸ್ತರರು ಏದುಸಿರು ಬಿಡುತ್ತ ಬಂದರು. “ಚೇರಮನ್ ಸಾಹೇಬ್ರ, ಹುಡುಗ್ರು ಆಗಿಂದ ಸಾಲಾಗಿ ನಿಂತಾವ್ರಿ. ನೀವು ಬಂದು ಹಗ್ಗ ಜಗ್ಗಬೇಕು.”

“ಲಿಂಗ ಇಲ್ಲದ ಮೈಯಿಂದ ಹೆಂಗ ಜಗ್ಗಲ್ರಿ ಮಾಸ್ತರ? ಸ್ವಾತಂತ್ರ್ಯಕ್ಕ ಅಷ್ಟ ವರ್ಷ ತಡದೇವಿ, ಇನ್ನೊಂದ ತಾಸು ತಡೀರಿ.”

ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ನಿಂತರು. ಆ ಹೊತ್ತಿಗೆ ಬುತ್ತಿ ಹಿಡಿದು ಕಾಕಿ ಬಂದಳು. ಮಾಬುಸಾಬ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾವು ಕಾಯುತ್ತಿದ್ದೆವು. ಕಾಕಿ ಬುತ್ತಿ ಕೆಳಗಿಟ್ಟು ಬಾವಿಯ ದಂಡೆಗೆ ಬಂದು, ಮೊದಲ ಬಾರಿಗೆ ಒಳಗೆ ಇಣುಕಿ ನೋಡಿದಳು.

“ಯಾವ ಮೂಲ್ಯಾಗ ಕೈ ಎತ್ತಿದ್ರಿ?”

ಕಾಕಾ ಗದ್ದದಿಂದಲೇ ಬೇವಿನ ಮರದ ಮೂಲೆ ತೋರಿಸಿದ.

“ಮತ್ತ ಇವರು ನಟ್ಟನಡುವ ಯಾಕ ಮುಳಗ್ಯಾಡಾಕತ್ತಾರ?”

ಆಳವಿದ್ದಲ್ಲಿ ಹುಡುಕಬೇಕು ಎಂದಷ್ಟೇ ನಮ್ಮ ತಲೆಗೆ ಹೊಳೆದಿತ್ತು.

“ಎಲ್ಲಾರೂ ಮ್ಯಾಲ ಬಂದು ಹೆಸರಿನ ಹೊಲದ ಕಡೆ ಮಾರಿ ಮಾಡಿ ನಿಂದರ್ರಿ. ಹೊಳ್ಳಿ ನೋಡಿದವಗ ಲಾಡು ಇಲ್ಲ. ಮಾಸ್ತರ, ನಿಮಗೂ ಹೇಳಿದ್ದು.”

“ಏ, ಏನ ಮಾಡಾಕ ಹೊಂಟಿ?” ಎಂದು ಕಾಕಾ ಗಾಬರಿಯಾದ.

“ನೀವು ಉಣ್ಣದ ನಾ ಉಣ್ಣಂಗಿಲ್ಲ. ನನಗ ಹಸಿವ್ಯಾಗೇತಿ. ಅತ್ಲಾಗ ಸರೀರಿ.”

ನಮ್ಮೂರ ಸಮುದ್ರದಲ್ಲಿ ನಡೆದ ಅತ್ಯುತ್ತಮ ಮುಳುಗನ್ನು ನಿಮಗೆ ವರ್ಣಿಸಿ ಹೇಳಬೇಕೆಂದು ನನಗೂ ಆಸೆಯಿದೆ. ಆದರೆ ನಾನು ನೋಡಿದ್ದು ಬಾವಿ ಪಕ್ಕದ ಹೊಲದ ಹೆಸರುಕಾಳಿನ ಕಾಯಿ. ಹಿಂದುಗಡೆ ಬಳೆ ಮೇಲೆ ಸರಿಸಿದ ಸಪ್ಪಳ, ಸೀರೆಯ ಕಚ್ಚೆ ಬಿಗಿದದ್ದು, ದಂಡೆಯಿಂದ ಒಂದು ಭಾರವಾದ ಕಲ್ಲು ಎತ್ತಿಕೊಂಡದ್ದು ಕೇಳಿತು. ಆಮೇಲೆ ಬುಡುಂಗ್. ಆಮೇಲೆ ಏನೂ ಇಲ್ಲ. ಮಾಸ್ತರರು ಅವತ್ತಿನ ಭಾಷಣವನ್ನು ಬಾಯಲ್ಲೇ ಗುಣುಗುಡತೊಡಗಿದರು. ಮಾಬುಸಾಬ ಕಣ್ಣು ಮುಚ್ಚಿದ್ದ. ನನ್ನ ಕುತ್ತಿಗೆ ತಾನಾಗಿಯೇ ತಿರುಗಲು ನೋಡುತ್ತಿತ್ತು, ಎರಡೂ ಕೈಯಿಂದ ಹಿಡಿದುಕೊಂಡೆ.

ನೀರು ಒಡೆದ ಸಪ್ಪಳ. ಕಾಕಿಯ ದನಿ: “ಇದು ನನ್ನ ತಾಮ್ರದ ಚರಿಗಿ! ಹ್ವಾದ ವರ್ಷ ನೀವಽ ಬಾವ್ಯಾಗ ಕೆಡವಿದ್ರಿ, ತಗದ ಕೊಡ್ರಿ ಅಂದ್ರ, ರಾಡ್ಯಾಗ ಹೂತಿರ್ತೈತಿ, ಯಾರಪ್ಪಗೂ ಸಿಗಂಗಿಲ್ಲ ಅಂದಿದ್ರಿ.”

“ಎವ್ವಾ, ಚರಿಗಿ ಅತ್ಲಾಗ ಇರ್ಲಿ!” ಎಂದು ಕಾಕಾ ಹೆಂಡತಿಯನ್ನೇ ಅವ್ವ ಎಂದು ಕರೆದ.

ಮತ್ತೆ ಬುಡುಂಗ್. ಈ ಸಲ ಬಹಳ ಹೊತ್ತಾಯಿತು. ಕಾಕಾ “ನೀಲಾ, ನೀಲಾ” ಎಂದು ಕೂಗುತ್ತಿದ್ದ. ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾವು ಯಾರೂ ಮೊದಲು ಕೇಳಿರಲಿಲ್ಲ. “ಲಿಂಗ ಹೋದ್ರ ಹೋಗ್ಲಿ, ನೀ ಮ್ಯಾಲ ಬಾ!” ಎಂದ. ಮತ್ತೆ ನೀರು ಒಡೆಯಿತು. ಆಮೇಲೆ ಒಬ್ಬ ದೊಡ್ಡ ಮನುಷ್ಯ ಗಳಗಳ ಅಳುವ ಸಪ್ಪಳ. ಲಿಂಗ ಸಿಕ್ಕಿತೆಂದು ತಿಳಿಯಲು ತಿರುಗಿ ನೋಡಬೇಕಾಗಿರಲಿಲ್ಲ.

ಕಾಕಿ ಅಪ್ಪಣೆ ಕೊಟ್ಟ ಮೇಲೆ ತಿರುಗಿದೆವು. ಅವಳು ಕಾಕಾನ ದಟ್ಟಿ ಹೊದ್ದುಕೊಂಡು ಬೇವಿನ ಕೆಳಗೆ ಕೂತು ಸೆರಗು ಹಿಂಡುತ್ತಿದ್ದಳು. ಕಾಕಾ ಪೂಜೆ ಮುಗಿಸಿ, ಇನ್ನೂ ಬಿಕ್ಕುತ್ತಲೇ ಕೇಳಿದ: “ಲಗ್ನಾಗಿ ಇಷ್ಟ ವರ್ಷ ಆತು. ಈಸು ಬರತೈತಿ ಅಂತ ಒಂದ ದಿನಾನೂ ಹೇಳಲಿಲ್ಲಲ್ಲ?”

“ನನ್ನ ತವರುಮನಿ ಮಲಪ್ರಭಾ ದಂಡಿಗೈತಿ ಅಂತ ನಿಮಗ ಗೊತ್ತಿತ್ತು. ಹೊಳಿದಂಡಿ ಹುಡುಗಿಗೆ ಈಸು ಬರತೈತ್ಯೋ ಇಲ್ಲೋ ಅಂತ ನೀವರ ಎಂದ ಕೇಳಿದ್ರಿ? ನೀವು ಈಸೂ ಹೊತ್ತಿಗೆ ನಾ ರೊಟ್ಟಿ ಬಡೀತಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ ಹೇಳಿದಳು. ಕಾಕಾ ಬುತ್ತಿ ಬಿಚ್ಚಿ, ರೊಟ್ಟಿಯ ಮೊದಲ ತುತ್ತು ಮುರಿದು, ನಮ್ಮೆಲ್ಲರ ಎದುರಿಗೇ ಅವಳ ಕಡೆ ಚಾಚಿದ. ಆ ಕಾಲದಲ್ಲಿ ಅಂಥದ್ದನ್ನು ನೋಡಿ ನಮಗೆ ಅಭ್ಯಾಸವಿರಲಿಲ್ಲ. ಯಾರೂ ಹೇಳದಿದ್ದರೂ ನಾವೆಲ್ಲ ಮತ್ತೆ ಹೆಸರಿನ ಹೊಲದ ಕಡೆ ತಿರುಗಿ ನಿಂತೆವು.

ಅವತ್ತು ಧ್ವಜ ತಡವಾಗಿ ಏರಿತು. ಮಾಸ್ತರರು ಭಾಷಣವನ್ನು ಅರ್ಧಕ್ಕೇ ಮುಗಿಸಿದ್ದಕ್ಕೆ ಮಕ್ಕಳು ಮನಸಾರೆ ಚಪ್ಪಾಳೆ ತಟ್ಟಿದರು. ಮರುದಿನ ಮುಂಜಾನೆ ನಾವು ಸಮುದ್ರಕ್ಕೆ ಹೋದರೆ ದಾರಿಯಲ್ಲೇ ಕಾಕಾ ಬಾವಿಗೆ ಬೆನ್ನು ಮಾಡಿ, ಅಡ್ಡ ಕೂತಿದ್ದ. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. “ಹೊತ್ತ ಏರೂತನಾ ಅವರ ಪಾಳಿ” ಎಂದ. “ನಿನ್ನ ರೊಟ್ಟಿ ಕಾಕಾ?” ಎಂದರೆ, “ಬಡಿಯಾಕಿ ಈಸಾಕತ್ತಾಳ. ಕುಂದರ್ರಿ ಸುಮ್ಮ” ಎಂದು ಹೊಟ್ಟೆ ಸವರಿಕೊಂಡ. ಹಸಿದ ಕಾಕಾನನ್ನು ಅಷ್ಟು ಸಂತೋಷದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ, ಸಿಹಿ ನೀರಿನಲ್ಲಿ ಇದ್ದಲ್ಲೇ ಇದ್ದು ಕೈಕಾಲು ಬಡಿದು, ಮೊಣಕಾಲು ಹಿಡಿದುಕೊಂಡು ಮನೆಗೆ ಬಂದೆ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ನಮ್ಮ ಮದುವೆಯಾಗಿ ನಲವತ್ತು ವರ್ಷ ದಾಟಿದೆ. ಬಾಗಿಲಲ್ಲಿ ನಿಂತು ಕೇಳಿದೆ: “ಏನ, ನಿನಗ ಈಸು ಬರತೈತೇನು?”

ಅವಳು ಒಲೆ ಸಣ್ಣ ಮಾಡಿ, ಸವಟು ಕೈಯಲ್ಲೇ ಹಿಡಿದು, ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು.

“ಯಾಕ್ರಿ, ಏನರ ಕಳಕೊಂಡ ಬಂದೀರೇನು?”