ನಾಲ್ಕು ಬಾಟಲಿ ಜೇನು

ಗುಂಜಿ ಊರಿನ ಪಾರ್ವತಕ್ಕ ತನ್ನ ಹೊಲದ ಜೇನುಪೆಟ್ಟಿಗೆಯ ನಾಲ್ಕು ಬಾಟಲಿ ಜೇನುತುಪ್ಪ ಮಾರಾಕ ನನ್ನ ಟೆಂಪೋ ಹತ್ತಿ ಬೆಳಗಾವಿ ಸಂತಿಗೆ ಬಂದಿದ್ದಳು. ಬಾಟಲಿ ಸಾಲಾಗಿ ಹಚ್ಚುವಷ್ಟರಾಗ ಆಹಾರ ಸುರಕ್ಷತಾ ಇಲಾಖೆಯ ಸಾಹೇಬರು ಬಂದರು.

“ಪರೀಕ್ಷೆಗೆ ನಾಲ್ಕು ಬಾಟಲಿ ಬೇಕವ್ವಾ. ಎಲ್ಲಾರಿಗೂ ಒಂದ ನಿಯಮ.”

“ಅಯ್ಯ, ಇರೂದ ನಾಲ್ಕರಿ! ಮತ್ತ ನಾ ಏನ್ ಮಾರ್ಲಿ?”

ಬಾಜೂಕ ನಿಂತ ಕಂಪನಿಯ ಜೇನು ಲಾರಿಯಿಂದ ಅವರು ಆಗಷ್ಟೇ ತೆಗೆದದ್ದೂ ನಾಲ್ಕೇ ಬಾಟಲಿ.

ನನ್ನ ಬಾಯಿ ಸುಮ್ಮನಿರಲಿಲ್ಲ. “ಸ್ಯಾಂಪಲ್ಲಿಗೆ ರೊಕ್ಕಾ ಕೊಡೂದೂ ನಿಯಮನ ಅಲ್ರಿ, ಸಾಹೇಬ್ರ?”

ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿ ಕಿಸೆಗೆ ಕೈ ಹಾಕಿ, ನಾಲ್ಕೂ ಬಾಟಲಿಯ ಪೂರಾ ರೊಕ್ಕಾ ಎಣಿಸಿ ಕೊಟ್ಟರು. ಪಾರ್ವತಕ್ಕನ ಮುಖ ಅರಳಿತು. “ಚೌಕಾಸಿ ಮಾಡಲಾರದ ಗಿರಾಕಿ ನೀವೊಬ್ರ ನೋಡ್ರಿ. ಮುಂದಿನ ವಾರಾನೂ ಬರ್ರಿ!”

ಇಡೀ ಬೆಳಗಾವಿಯೊಳಗೆ ಆ ಇಲಾಖೆಯವರ ದಾರಿ ಕಾಯುವ ವ್ಯಾಪಾರದಾಕಿ ಈಕೆ ಒಬ್ಬಳೇ ಇರಬೇಕು.